ತುಕ್ಕು ಹಿಡಿದ ತೋಪಡ ಮತ್ತೆ ಮರ ಹೆರೆಯಲಿ

ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರ್‌ನಲ್ಲಿ ಹಳೇ ಬೀಗ, ಕೆಟ್ಟ ಮಿಕ್ಸಿಗಳ ನಡುವೆ ಒಮ್ಮೊಮ್ಮೆ ಕಬ್ಬಿಣದ ತೋಪಡ ಕಣ್ಣಿಗೆ ಬೀಳುತ್ತದೆ. ಶಾಲೆಯ ಪುಸ್ತಕದಲ್ಲಿ ಉಜ್ಜುಗೊರಡು ಅಂತ ಓದಿದ್ದೆವಲ್ಲ, ಮರ ಹೆರೆದು ನಯ ಮಾಡುವ ಬಡಗಿಯ ಸಾಧನ, ಅದೇ. ಮೈಯೆಲ್ಲ ತುಕ್ಕು, ಹಿಡಿಯಲ್ಲಿ ಬಿರುಕು. ಗುಜರಿ ಅಂತ ಬಿಟ್ಟು ಹೋಗಬೇಡಿ. ಎರಡು ರಜಾದಿನ ಕೊಟ್ಟರೆ ಅದು ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ಇವುಗಳಲ್ಲಿ ಹೆಚ್ಚಿನವುಗಳ ಒಳಗಿನ ಕಟ್ಟು ಒಂದೇ. ಅಮೆರಿಕದ ಲಿಯೊನಾರ್ಡ್ ಬೈಲಿ ಅದನ್ನು ರೂಪಿಸಿದ. 1869ರಲ್ಲಿ ಸ್ಟಾನ್ಲಿ ಕಂಪನಿ ಅವನ ಹಕ್ಕುಗಳನ್ನು ಕೊಂಡಿತು. ಇಂಗ್ಲೆಂಡಿನ ರೆಕಾರ್ಡ್, ನಮ್ಮಲ್ಲಿ ಸಿಗುವ ಅನಂತ್ ಬ್ರ್ಯಾಂಡಿನ ತೋಪಡಗಳು ಕೂಡ ಅದೇ ದಾರಿಯವು. ಹಾಗಾಗಿ ಒಂದನ್ನು ರಿಪೇರಿ ಮಾಡಲು ಕಲಿತರೆ ಎಲ್ಲವೂ ಬಂದಂತೆ. ಮೊದಲ ಸಲಕ್ಕೆ 4ನೇ ನಂಬರ್ ಅಳತೆಯದು ಒಳ್ಳೆಯದು. ಉದ್ದ ಸುಮಾರು ಒಂಬತ್ತೂವರೆ ಅಂಗುಲ, ಬ್ಲೇಡಿನ ಅಗಲ 2 ಅಂಗುಲ.

ಕೊಳ್ಳುವಾಗ ತುಕ್ಕಿಗೆ ಹೆದರಬೇಡಿ, ಕಬ್ಬಿಣದಲ್ಲಿನ ಬಿರುಕಿಗೆ ಹೆದರಿ. ಎರಕದ ಕಬ್ಬಿಣ ಕೆಳಗೆ ಬಿದ್ದರೆ ಒಡೆಯುತ್ತದೆ. ಬ್ಲೇಡ್ ಹೊರಬರುವ ಬಾಯಿಯ ಎರಡೂ ಮೂಲೆಗಳನ್ನು ಬೆಳಕಿನಲ್ಲಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಬಿಟ್ಟುಬಿಡಿ. ಸ್ಕ್ರೂಗಳೆಲ್ಲ ಇವೆಯಾ ಎಣಿಸಿ. ಸ್ಟಾನ್ಲಿಯ ಸ್ಕ್ರೂಗಳ ಮರೆ (ಸುತ್ತು ಗೆರೆ) ಬೇರೆ ಥರದ್ದು, ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಕೂರುವುದಿಲ್ಲ.

ಬಿಚ್ಚುವುದು, ತುಕ್ಕು ತೆಗೆಯುವುದು

ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಡಿ. ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ. ಬ್ಲೇಡನ್ನು ಮುಂದೆ ಹಿಂದೆ ಮಾಡುವ ಹಿತ್ತಾಳೆಯ ತಿರುಪಿನ ಮರೆ ಉಲ್ಟಾ. ಅದನ್ನು ಕಳಚಲು ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ನಾನು ಇಕ್ಕಳ ಹಾಕಿ ಬಲವಾಗಿ ಎಡಕ್ಕೆ ತಿರುಗಿಸಿದ್ದೆ. ಆ ಗಾಯದ ಗುರುತು ಇವತ್ತಿಗೂ ಹಿತ್ತಾಳೆಯ ಮೇಲಿದೆ.

ಬ್ಲೇಡು ಮತ್ತು ಕಬ್ಬಿಣದ ಸಣ್ಣ ಭಾಗಗಳನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಅದಕ್ಕಿಂತ ಜಾಸ್ತಿ ಬೇಡ, ಆಮ್ಲ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಹಿತ್ತಾಳೆ ಹಾಕಬೇಡಿ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಸವರಿ. ತಡಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಮತ್ತೆ ಕೂರುತ್ತದೆ. ದೊಡ್ಡ ಮೈಗೆ ಸೀಮೆಎಣ್ಣೆ ಮತ್ತು ಎಮರಿ ಕಾಗದ ಸಾಕು.

ತಳ ಸಮ ಮಾಡುವುದು

ಗ್ರಾನೈಟ್ ಅಂಗಡಿಯಲ್ಲಿ ಒಂದು ತುಂಡು ಕೇಳಿ ತನ್ನಿ. ಅದರ ಮೇಲೆ 80 ನಂಬರಿನ ಉಪ್ಪುಕಾಗದ ಅಂಟಿಸಿ. ತೋಪಡವನ್ನು ಮತ್ತೆ ಜೋಡಿಸಿ, ಬ್ಲೇಡನ್ನು ಒಳಕ್ಕೆ ಎಳೆದುಕೊಂಡು, ಬ್ಲೇಡನ್ನು ಒತ್ತಿ ಹಿಡಿಯುವ ಮೇಲಿನ ಹಿಡಿತ ಬಿಗಿ ಮಾಡಿಯೇ ಉಜ್ಜಬೇಕು. ಆ ಬಿಗಿತಕ್ಕೆ ಮೈ ತುಸು ಬಾಗುತ್ತದೆ. ಬಿಚ್ಚಿಟ್ಟು ಸಮ ಮಾಡಿದರೆ ಜೋಡಿಸಿದ ಮೇಲೆ ಸಮ ಇರುವುದಿಲ್ಲ.

ತಳಕ್ಕೆ ಮಾರ್ಕರ್‌ನಲ್ಲಿ ಅಡ್ಡ ಗೆರೆ ಎಳೆದು ಉಜ್ಜಿ ನೋಡಿ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರು ಕಡೆ ಗೆರೆ ಅಳಿದರೆ ಆಯಿತು. ನಡುವೆ ಸ್ವಲ್ಪ ತಗ್ಗಿದ್ದರೆ ಇರಲಿ. ಆಮೇಲೆ 120, 220. ಕನ್ನಡಿಯಂತೆ ಹೊಳೆಯುವವರೆಗೆ ಸುಮ್ನೆ ತೇಯುತ್ತಾ ಕೂರಬೇಡಿ. ಆ ಹೊತ್ತನ್ನು ಬ್ಲೇಡಿಗೆ ಕೊಡಿ.

ಬ್ಲೇಡೇ ಮುಖ್ಯ

ಮೊದಲು ಬ್ಲೇಡಿನ ಬೆನ್ನು, ಅಂದರೆ ಚಪ್ಪಟೆ ಮುಖ. ಪೂರ್ತಿ ಬೇಡ, ಅಂಚಿನಿಂದ ಅರ್ಧ ಅಂಗುಲ ಸಮವಾಗಿ ಹೊಳೆಯಬೇಕು. ಅಲ್ಲಿ ತುಕ್ಕಿನ ಗುಳಿ ಉಳಿದಿದ್ದರೆ ಅಂಚು ಎಂದೂ ಹರಿತವಾಗುವುದಿಲ್ಲ. ಅಂಚಿಗೆ ಓರೆಯಾಗಿ ತೇಯ್ದ ಇಳಿಜಾರಿನ ಕಡೆ 25 ಡಿಗ್ರಿ ಇಡಿ. ಕೋನಮಾಪಕ ಇಲ್ಲದಿದ್ದರೆ ಒಂದು ಉಪಾಯ ಇದೆ: ಇಳಿಜಾರಿನ ಉದ್ದ ಬ್ಲೇಡಿನ ದಪ್ಪದ ಎರಡೂವರೆ ಪಟ್ಟಿಗಿಂತ ಕೊಂಚ ಕಡಿಮೆ ಇರಲಿ. ದಪ್ಪ 2 ಮಿ.ಮೀ. ಇದ್ದರೆ ಇಳಿಜಾರು 5 ಮಿ.ಮೀ.ಗೆ ಒಂದು ಕೂದಲು ಕಮ್ಮಿ.

ಅಂಚು ತುಂಬಾ ಹಾಳಾಗಿದ್ದರೆ ಗ್ರೈಂಡರ್ ಬೇಕಾಗಬಹುದು. ಪ್ರತಿ ಎರಡು ಮೂರು ಸೆಕೆಂಡಿಗೆ ನೀರಲ್ಲಿ ಅದ್ದಿ. ನನ್ನ ಮೊದಲ ಬ್ಲೇಡನ್ನು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆ, ಅಂಚು ನೀಲಿಯಾಗಿ ವಾಪಸ್ ಬಂತು. ನೀಲಿ ಬಂತೆಂದರೆ ಹದ ಹೋಯಿತು, ಆ ಭಾಗವನ್ನು ತೇಯ್ದು ಕಳೆಯಲೇಬೇಕು. ತುಂಬಾ ಬೇಜಾರಾಗಿತ್ತು.

ಈಗ 1000 ನಂಬರಿನ ಸಾಣೆಕಲ್ಲು. ಬ್ಲೇಡನ್ನು ತುಸು ಎತ್ತಿ, ಸುಮಾರು 30 ಡಿಗ್ರಿಯಲ್ಲಿ, ಅಂಚನ್ನಷ್ಟೇ ಮಸೆಯಿರಿ. ಬೆನ್ನಿನ ಕಡೆ ಬೆರಳು ಹೊರಮುಖವಾಗಿ ಸವರಿದರೆ ಸಣ್ಣ ತರಿ (ಮಸೆದಾಗ ಅಂಚಿನಲ್ಲಿ ಮಗುಚುವ ಲೋಹದ ಎಳೆ) ತಗುಲಬೇಕು. ಆ ತುದಿಯಿಂದ ಈ ತುದಿವರೆಗೂ ತಗುಲಬೇಕು. ಅಲ್ಲಿಯವರೆಗೆ ಮುಂದಿನ ಕಲ್ಲಿಗೆ ಹೋಗಬೇಡಿ. ನಂತರ 6000 ನಂಬರಿನ ಕಲ್ಲು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆದು ತರಿ ಕಳೆಯಿರಿ.

ಬ್ಲೇಡಿನ ಮೇಲೆ ಕೂರುವ ಬಾಗಿದ ತಗಡನ್ನು ಎಷ್ಟೋ ಜನ ಮರೆಯುತ್ತಾರೆ. ಹೆರೆದ ಮರದ ಸಿಪ್ಪೆಯನ್ನು ಬಗ್ಗಿಸಿ ಸುರುಳಿ ಮಾಡುವುದು ಅದೇ. ಎರಡನ್ನೂ ಜೋಡಿಸಿ ಕಿಟಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಸಿಪ್ಪೆ ಅಲ್ಲೇ ಹೊಕ್ಕು ಬಾಯಿ ಕಟ್ಟುತ್ತದೆ. ಬೆಳಕು ಕಾಣದಂತಾಗುವವರೆಗೆ ತಗಡಿನ ಅಂಚನ್ನು ಕಲ್ಲಿನ ಮೇಲೆ ತಿದ್ದಿ. ಬ್ಲೇಡಿನ ಅಂಚಿನಿಂದ 1 ಮಿ.ಮೀ. ಹಿಂದೆ ಇಡಿ. ಎಳೆ ಅಡ್ಡಾದಿಡ್ಡಿ ಇರುವ ಮರಕ್ಕೆ ಅರ್ಧ ಮಿ.ಮೀ.

ಮರದ ಹಿಡಿ ಬಿರುಕು ಬಿಟ್ಟಿದ್ದರೆ ಮರದ ಅಂಟು ತುಂಬಿ, ಬಿಗಿಯಾಗಿ ಕಟ್ಟಿ ಒಂದು ದಿನ ಬಿಡಿ. ಮೇಲೆ ಅಗಸೆ ಎಣ್ಣೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಮೊದಲ ಸುರುಳಿ

ತೋಪಡವನ್ನು ತಿರುಗಿಸಿ ತಳದ ಉದ್ದಕ್ಕೂ ಕಣ್ಣು ಹಾಯಿಸಿ. ಬ್ಲೇಡು ಕಪ್ಪು ದಾರದಂತೆ ಕಾಣುವವರೆಗೆ ತಿರುಪು ಬಲಕ್ಕೆ ತಿರುಗಿಸಿ. ಒಂದು ಕಡೆ ದಪ್ಪ ಕಂಡರೆ ಹಿಂದಿನ ಸಣ್ಣ ಸನ್ನೆ ಪಕ್ಕಕ್ಕೆ ಸರಿಸಿ. ತಳಕ್ಕೆ ಮೇಣದಬತ್ತಿ ಉಜ್ಜಿ, ಜಾರುವಿಕೆಯ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮೊದಲಿಗೆ ತೇಗ ಬೇಡ, ಅದು ಅಂಚನ್ನು ಬೇಗ ಮೊಂಡಾಗಿಸುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡು ತಗೊಳ್ಳಿ. ಎಳೆ ಹೋಗುವ ದಿಕ್ಕಿಗೇ ತಳ್ಳಿ. ಮರ ಕಿತ್ತು ಬಂದರೆ ತುಂಡನ್ನು ತಿರುಗಿಸಿ.

ಮರದ ಮೇಲೆ ಉದ್ದಕ್ಕೆ ಉಬ್ಬಿದ ಗೆರೆ ಉಳಿದರೆ ಬ್ಲೇಡಿನ ಅಂಚು ಚೂರು ಮುರಿದಿದೆ ಎಂದರ್ಥ. ಗಡಗಡ ನಡುಗಿದರೆ ಒಳಗಿನ ಯಾವುದೋ ಸ್ಕ್ರೂ ಸಡಿಲ. ಕೆಲಸ ಮುಗಿದ ಮೇಲೆ ಬ್ಲೇಡ್ ಒಳಕ್ಕೆಳೆದು, ಹೊಲಿಗೆ ಮಿಷನ್ ಎಣ್ಣೆಯ ಬಟ್ಟೆಯಲ್ಲಿ ಒಮ್ಮೆ ಸವರಿ ಇಡಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡುತ್ತಿರಿ.