ಜಪಾನಿನ ಸಣ್ಣ ಸ್ಟೇಷನ್ನಿನಲ್ಲಿ ಹತ್ತಿ ಇಳಿಯುವುದು: ಮೈಸೂರು, ಮಂಡ್ಯದಿಂದ ಹೊರಟವರಿಗೆ

ಕೆಲಸಕ್ಕೋ ಓದಿಗೋ ನಮ್ಮ ಕಡೆಯಿಂದ ಜಪಾನಿಗೆ ಹೊರಟವರು ಟೋಕಿಯೋದ ದೊಡ್ಡ ಸ್ಟೇಷನ್ನುಗಳನ್ನು ನೆನೆದು ಹೆದರುತ್ತಾರೆ. ಅಲ್ಲಿ ಕೇಳಲು ಸಿಬ್ಬಂದಿ ಇರುತ್ತಾರೆ, ಇಂಗ್ಲಿಷ್ ಫಲಕಗಳಿರುತ್ತವೆ. ತೊಡಕಾಗುವುದು ಬಾಡಿಗೆ ಮನೆ ಹತ್ತಿರದ ಸಣ್ಣ ಸ್ಟೇಷನ್ನಿನಲ್ಲಿ.

ಮೊದಲು ಯಾವ ಗಾಡಿ ಎಂದು ನೋಡಿ. ಮಂಡ್ಯದಲ್ಲಿ ಎಕ್ಸ್‌ಪ್ರೆಸ್ ಹತ್ತಿ ನಾಗನಹಳ್ಳಿಯಲ್ಲಿ ಇಳಿಯುತ್ತೇನೆಂದರೆ ಆದೀತೇ? ಅಲ್ಲಿಯೂ ಹಾಗೆಯೇ. ‘ಫುತ್ಸೂ’ ಅಥವಾ ‘ಕಾಕುಎಕಿ ತೇಶಾ’ ಎಂದರೆ ಎಲ್ಲ ಕಡೆ ನಿಲ್ಲುವ ಗಾಡಿ. ‘ಕೈಸೋಕು’, ‘ಕ್ಯೂಕೋ’, ‘ತೊಕ್ಕ್ಯೂ’ಗಳು ಸಣ್ಣ ಸ್ಟೇಷನ್ನುಗಳನ್ನು ಬಿಟ್ಟು ಓಡುತ್ತವೆ. ಜೆಆರ್ (ಜಪಾನ್ ರೈಲ್ವೇಸ್) ಕಂಪನಿಗಳ ತೊಕ್ಕ್ಯೂಗೆ ಬೇರೆ ಟಿಕೆಟ್ಟೂ ಬೇಕು.

ಮೊದಲೇ ಹಣ ತುಂಬಿ ಗೇಟಿಗೆ ಮುಟ್ಟಿಸಿ ಹೋಗುವ ಸುಯಿಕಾ ಕಾರ್ಡನ್ನು 1,000 ಯೆನ್‌ಗೆ ಕೊಂಡರೆ 500 ಠೇವಣಿಗೆ ಹೋಗಿ 500 ಪ್ರಯಾಣಕ್ಕೆ ಉಳಿಯುತ್ತದೆ. ಒಳಗೆ 20,000 ಯೆನ್‌ವರೆಗೆ ತುಂಬಬಹುದು. ಯಂತ್ರಗಳು ಹೆಚ್ಚಾಗಿ ನಗದನ್ನೇ ಕೇಳುತ್ತವೆ, ನೋಟು ಇಟ್ಟುಕೊಂಡಿರಿ.

ಗೇಟಿನೊಳಗೆ ಹೋಗುವ ಮುನ್ನ ದಿಕ್ಕು ಖಚಿತ ಮಾಡಿಕೊಳ್ಳಿ. ಕೆಲವು ಸಣ್ಣ ಸ್ಟೇಷನ್ನುಗಳಲ್ಲಿ ಹಳಿಯ ಎರಡೂ ಬದಿಗೆ ಬೇರೆ ಬೇರೆ ಗೇಟು; ಒಳಗಿನಿಂದ ಆಚೆ ಪ್ಲಾಟ್‌ಫಾರ್ಮಿಗೆ ದಾರಿಯೇ ಇರುವುದಿಲ್ಲ. ತಪ್ಪಿ ಒಳಗೆ ಹೋದರೆ ಸಿಬ್ಬಂದಿಗೆ ಹೇಳಿ ಪ್ರವೇಶ ರದ್ದು ಮಾಡಿಸಿ. ಗಾಡಿಗಳು ನಮ್ಮಲ್ಲಿಯಂತೆ ಎಡಬದಿಯಲ್ಲೇ ಓಡುವುದರಿಂದ ಯಾವುದು ಯಾವ ಕಡೆಗೆ ಎಂದು ಊಹಿಸುವುದು ಕಷ್ಟವಲ್ಲ.

ಹೆಚ್ಚು ಜನ ಎಡವುವುದು ಸಿಬ್ಬಂದಿ ಇಲ್ಲದ ಸ್ಟೇಷನ್ನಿನಲ್ಲಿ. ಅಲ್ಲಿ ತಡೆಯುವ ಬಾಗಿಲಿಲ್ಲ. ಮೊಳಕೈ ಎತ್ತರದ ಎರಡು ಕಂಬಗಳು ಮಾತ್ರ, ಒಂದು ಒಳಹೋಗುವಾಗ ಕಾರ್ಡು ಮುಟ್ಟಿಸಲು, ಇನ್ನೊಂದು ಹೊರಬರುವಾಗ. ಜಪಾನಿ ಓದಲು ಬಾರದಿದ್ದರೆ ಅಕ್ಷರದ ಆಕಾರ ನೆನಪಿಡಿ: ಮೇಲೆ ಕೂಡಿ ಕೆಳಗೆ ಕವಲೊಡೆದ ಎರಡು ಗೆರೆ ಒಳಗೆ, ಬೆಟ್ಟದ ಮೇಲೊಂದು ಬೆಟ್ಟ ಇಟ್ಟಂತಿದ್ದರೆ ಹೊರಗೆ. ಇಳಿದವರು ಮುಟ್ಟಿಸದೆ ಮನೆಗೆ ನಡೆದರೆ ಪ್ರಯಾಣ ಮುಗಿದಿದೆ ಎಂದು ಕಾರ್ಡಿಗೆ ಗೊತ್ತಾಗುವುದಿಲ್ಲ. ಮರುದಿನ ಗೇಟು ಬಿಡುವುದಿಲ್ಲ. ಸಿಬ್ಬಂದಿ ಇರುವ ಸ್ಟೇಷನ್ನಿಗೆ ಹೋಗಿ, ಎಲ್ಲಿ ಹತ್ತಿ ಎಲ್ಲಿ ಇಳಿದಿರೆಂದು ಹೇಳಿ ಬಾಕಿ ಕಟ್ಟಿದರೆ ಸರಿಹೋಗುತ್ತದೆ. ಬೆಳಿಗ್ಗೆ ಆಫೀಸಿನ ಹೊತ್ತಿಗೆ ಈ ಕೆಲಸ ಬೀಳದಂತೆ ನೋಡಿಕೊಳ್ಳಿ.

ಹಾಳೆ ಟಿಕೆಟ್ಟಾದರೆ ಗೇಟಿಗೆ ತೂರಿಸಿ, ಆಚೆ ಬದಿಯಲ್ಲಿ ಹೊರಬಂದದ್ದನ್ನು ಮರೆಯದೆ ತೆಗೆದುಕೊಳ್ಳಿ. ಇಳಿಯುವಾಗ ಅದೇ ಬೇಕು. ಎಷ್ಟು ದರ ಎಂದು ತಿಳಿಯದಿದ್ದರೆ ಕನಿಷ್ಠ ದರದ ಟಿಕೆಟ್ ಕೊಂಡು, ಇಳಿದ ಕಡೆ ಗೇಟಿನ ಒಳಗಿರುವ ‘ಸೇಸಾಂಕಿ’ ಯಂತ್ರದಲ್ಲಿ ವ್ಯತ್ಯಾಸ ಕಟ್ಟಬಹುದು. ಇದನ್ನು ಯಾರೂ ತಪ್ಪೆಂದು ನೋಡುವುದಿಲ್ಲ.

ಊರಾಚೆಯ ಮಾರ್ಗಗಳಲ್ಲಿ ಚಾಲಕರೊಬ್ಬರೇ ಇರುವ ‘ವಾನ್‌ಮಾನ್’ ಗಾಡಿಗಳಿವೆ. ಹಲವು ಕಡೆ ಹಿಂದಿನ ಬಾಗಿಲಲ್ಲಿ ಹತ್ತಿ, ಅಂಕಿಯಿರುವ ಚೀಟಿ ಎಳೆದುಕೊಂಡು, ಇಳಿಯುವಾಗ ಮುಂದಿನ ಬಾಗಿಲಲ್ಲಿ ಆ ಅಂಕಿಯ ಎದುರು ತೋರಿಸುವ ದರ ಹಾಕಬೇಕು. ಚಿಲ್ಲರೆ ಮೊದಲೇ ಮಾಡಿಸಿಕೊಳ್ಳಿ. ಬಾಗಿಲು ತಾನೇ ತೆರೆಯದಿದ್ದರೆ ಪಕ್ಕದ ಗುಂಡಿ ಒತ್ತಿ.

ಫೋನು ಹಳಿಗೆ ಬಿದ್ದರೆ ಇಳಿಯಬೇಡಿ. ಸಿಬ್ಬಂದಿ ಉದ್ದನೆಯ ಇಕ್ಕಳದಿಂದ ಎತ್ತಿಕೊಡುತ್ತಾರೆ. ಗಾಡಿ ತಡವಾಗಿ ಕೆಲಸಕ್ಕೆ ಹೊತ್ತಾದರೆ ‘ಚಿಯೆನ್ ಶೋಮೇಶೋ’ ಎಂಬ ತಡದ ಚೀಟಿ ಕೇಳಿ ಪಡೆಯಿರಿ. ಕೊನೆಯ ಗಾಡಿ ಸಾಮಾನ್ಯವಾಗಿ ನಡುರಾತ್ರಿಯ ಆಸುಪಾಸು. ಅದು ತಪ್ಪಿದರೆ ಬೆಳಗಿನವರೆಗೆ ಬೇರೆ ಗಾಡಿಯಿಲ್ಲ, ಟ್ಯಾಕ್ಸಿ ದುಬಾರಿ.