ಮುಗಿಸಲೇಬೇಕೆಂಬ ಹಟ ಬಿಟ್ಟ ಮೇಲೆ

ವೈಜ್ಞಾನಿಕ ಕಾದಂಬರಿಯನ್ನೋ ಫ್ಯಾಂಟಸಿಯನ್ನೋ ಹಿಡಿದಾಗ ಮೊದಲ ಮೂವತ್ತು ಪುಟ ತಲೆಬುಡ ತಿಳಿಯದಿದ್ದರೆ ಹೆದರಬೇಡಿ. ಹೊಸ ಗ್ರಹ, ಹೊಸ ದೇವರು, ನಾಲಿಗೆ ಹೊರಳದ ಹೆಸರು; ಎಲ್ಲವನ್ನೂ ಅಲ್ಲಲ್ಲೇ ಬಿಡಿಸಿಕೊಳ್ಳಲು ಕೂತರೆ ಕಥೆ ಕೈತಪ್ಪುತ್ತದೆ. ಗೊತ್ತಾಗದ ಪದವನ್ನು ನಾನು ದಾಟಿಕೊಂಡು ಹೋಗುತ್ತೇನೆ, ಮೂರನೆಯ ಸಲ ಬರುವಾಗ ತಾನೇ ತಿಳಿಯುತ್ತದೆ. ಪುಸ್ತಕದ ಕೊನೆಯ ಪುಟಗಳನ್ನೂ ಮೊದಲೇ ತಿರುವಿ ನೋಡಿ. ಫ್ರ್ಯಾಂಕ್ ಹರ್ಬರ್ಟ್ 1965ರ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ನ ಕೊನೆಗೆ ಪದಕೋಶವನ್ನೇ ಕೊಟ್ಟಿದ್ದಾರೆ. ನಾನದನ್ನು ಕಂಡದ್ದು ಕಥೆಯೆಲ್ಲ ಮುಗಿದ ಮೇಲೆ!

ಆದರೆ ಗೊಂದಲ ಬೇರೆ, ಬೇಸರ ಬೇರೆ. ಮುಚ್ಚಿಟ್ಟ ಮೇಲೂ ‘ಮುಂದೇನಾಯಿತೋ’ ಎಂದು ಕಾಡಿದರೆ ಅದು ಗೊಂದಲ, ಓದಿ. ಉಳಿದ ಪುಟ ಎಣಿಸುತ್ತಿದ್ದೀರಾ? ಕೆಳಗಿಡಿ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಲೆಕ್ಕ ನನಗಿಷ್ಟ: 50 ಪುಟ ಓದಿ ನೋಡಿ; ವಯಸ್ಸು 50 ದಾಟಿದ್ದರೆ 100ರಲ್ಲಿ ಅದನ್ನು ಕಳೆದು ಉಳಿದಷ್ಟು. ನನಗೀಗ 58, ಹಾಗಾಗಿ 42 ಪುಟ. ದಪ್ಪ ಫ್ಯಾಂಟಸಿಗೆ ಮಾತ್ರ 100 ಕೊಡುತ್ತೇನೆ, ನಕ್ಷೆ-ವಂಶಾವಳಿಯಲ್ಲೇ ಒಂದಷ್ಟು ಹೋಗಿರುತ್ತದಲ್ಲ.

‘ನಾಲ್ಕನೆಯ ಸಂಪುಟದಿಂದ ಚೆನ್ನಾಗಿದೆ’ ಎನ್ನುವವರನ್ನು ನಂಬಬೇಡಿ. ನಂಬಿ ಎರಡು ವರ್ಷ ಕಳೆದುಕೊಂಡಿದ್ದೇನೆ.

ಬಿಟ್ಟ ಪುಸ್ತಕದೊಳಗೆ, ಯಾಕೆ ಬಿಟ್ಟಿರೆಂದು ಒಂದು ಚೀಟಿ ಬರೆದಿಡಿ. ನನ್ನ ಚೀಟಿಗಳಲ್ಲಿ ಅರ್ಧಕ್ಕೂ ಹೆಚ್ಚು ‘ಭವಿಷ್ಯವಾಣಿ ಹೊತ್ತು ಹುಟ್ಟಿದ ಹುಡುಗ’ ಎಂದಿದ್ದವು. ಈಗ ಬೆನ್ನುಡಿಯಲ್ಲಿ ಆ ಹುಡುಗ ಕಂಡರೆ ಅಲ್ಲೇ ವಾಪಸ್ ಇಡುತ್ತೇನೆ.