ಕಿಲೋಗೆ ಎಷ್ಟು ಬಿತ್ತು?

ನನ್ನ ಕಣ್ಣು ತೆರೆಸಿದ್ದು ಎಣ್ಣೆ ಪ್ಯಾಕೆಟ್. ಎರಡು ಅಂಗಡಿಯಿಂದ ಎರಡು ಸಲ ತಂದ ಸೂರ್ಯಕಾಂತಿ ಎಣ್ಣೆ ಅಡುಗೆಮನೆ ಕಟ್ಟೆ ಮೇಲೆ ಅಕ್ಕಪಕ್ಕ ಕೂತಿತ್ತು. ಒಂದು 150 ರೂಪಾಯಿಯದು, ಇನ್ನೊಂದು 145ರದು. ಐದು ರೂಪಾಯಿ ಉಳಿಸಿದೆ ಅಂತ ನಾನು ಬೀಗುತ್ತಿದ್ದೆ. ಮಗಳು ಎರಡನ್ನೂ ತಿರುಗಿಸಿ ನೋಡಿದಳು. "ಅಮ್ಮಾ, ಇದು 910 ಗ್ರಾಂ, ಇದು 850 ಗ್ರಾಂ" ಅಂದಳು.

ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅಂದರೆ 145ರ ಪ್ಯಾಕೆಟ್ಟಿನಲ್ಲಿ ಇದ್ದದ್ದು ಲೀಟರೇ ಅಲ್ಲ. ಲೆಕ್ಕ ಹಾಕಿದೆ. 150ರದು ಕಿಲೋಗೆ 165 ಬಿತ್ತು. ಅಗ್ಗ ಅಂದುಕೊಂಡದ್ದು 170 ದಾಟಿತು. ಎರಡೂ ಪ್ಯಾಕೆಟ್ ನೋಡೋಕೆ ಒಂದೇ ದಪ್ಪ!

ಮೈಸೂರಿನಲ್ಲಿ ನಮ್ಮದು ಐದು ಜನರ ಸಂಸಾರ. ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಅವತ್ತು ರಾತ್ರಿ ಬಿಸ್ಕತ್ತು ಡಬ್ಬದಲ್ಲಿ ತುರುಕಿಟ್ಟಿದ್ದ ಮೂರು ತಿಂಗಳ ಬಿಲ್ಲುಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಕೂತೆ. ನಾವು ತರುವ ಸಾಮಾನು ಅರವತ್ತು ಬಗೆ ಇರಬಹುದು. ಆದರೆ ದುಡ್ಡು ಹೋಗುತ್ತಿದ್ದದ್ದು ಹದಿನಾಲ್ಕರಲ್ಲಿ: ಅಕ್ಕಿ, ಎಣ್ಣೆ, ಹಾಲು, ತೊಗರಿಬೇಳೆ, ಉದ್ದಿನಬೇಳೆ, ತುಪ್ಪ, ಕಾಫಿಪುಡಿ, ಬಟ್ಟೆ ಸೋಪಿನ ಪುಡಿ, ಹೀಗೆ. ಸಾಸಿವೆ, ಇಂಗು ಎಲ್ಲಿ ಅಗ್ಗ ಅಂತ ತಲೆ ಕೆಡಿಸಿಕೊಂಡು ಏನು ಮಾಡುವುದು? ಆ ಹದಿನಾಲ್ಕನ್ನು ಮಾತ್ರ ಒಂದು ಹಳೇ ಡೈರಿಯಲ್ಲಿ ಬರೆದೆ. ಒಂದೊಂದಕ್ಕೂ ಒಂದು ಪುಟ. ತಾರೀಕು, ಅಂಗಡಿ, ತೂಕ, ಕೊಟ್ಟ ದುಡ್ಡು, ಕಿಲೋಗೆ ಎಷ್ಟು ಬಿತ್ತು. ಕೊನೆಯದೇ ಮುಖ್ಯ. ಉಳಿದದ್ದೆಲ್ಲ ಅದಕ್ಕಾಗಿ.

ಪ್ಯಾಕೆಟ್ ಸಾಮಾನಿಗೆ ಈಗ ಈ ಲೆಕ್ಕ ಅರ್ಧ ಸುಲಭ. ಎಂ.ಆರ್.ಪಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಅಂತಲೂ ಅಚ್ಚಾಗಿರುತ್ತದೆ. ಕಿಲೋಗಿಂತ ಕಡಿಮೆ ತೂಕದ್ದಾದರೆ ಗ್ರಾಂ ಲೆಕ್ಕ, ಜಾಸ್ತಿಯಾದರೆ ಕಿಲೋ ಲೆಕ್ಕ. ಗ್ರಾಂಗೆ 0.18 ಅಂತಿದ್ದರೆ ಕಿಲೋಗೆ 180 ಅಂತ ತಿಳಿಯಬೇಕು. ಇಲ್ಲಿ ನಾನು ಒಂದೆರಡು ಸಲ ಎಡವಿದೆ. ಅಲ್ಲಿ ಅಚ್ಚಾಗಿರುವುದು ಎಂ.ಆರ್.ಪಿ.ಯ ಲೆಕ್ಕ, ಅಂಗಡಿಯವರು ಬಿಲ್ಲಿನಲ್ಲಿ ಕಡಿಮೆ ಮಾಡಿದ ಬೆಲೆಯದ್ದಲ್ಲ. ಹಾಗಾಗಿ ಬಿಲ್ಲು ನೋಡಿಯೇ ಬರೆಯುತ್ತೇನೆ.

ಅಕ್ಕಿ ಮೂಟೆಯ ಕಥೆ ಬೇರೆ. 2022ರ ಜುಲೈನಲ್ಲಿ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆಲ್ಲ ಶೇ 5 ಜಿ.ಎಸ್.ಟಿ. ಬಂತು. ಅದಾದ ಮೇಲೆ ಅಂಗಡಿಗಳಲ್ಲಿ 26 ಕಿಲೋ ಮೂಟೆ ಕಾಣತೊಡಗಿತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನಾನು ಮಾತ್ರ ಎಷ್ಟೋ ದಿನ ಮೂಟೆಗೆ ಮೂಟೆ ಹೋಲಿಸುತ್ತಿದ್ದೆ. ಒಂದು ಕಡೆ ಸೋನಾ ಮಸೂರಿ 1,400, ಇನ್ನೊಂದು ಕಡೆ 1,430. ಮೂವತ್ತು ರೂಪಾಯಿ ಜಾಸ್ತಿ ಅಂತ ಬಿಟ್ಟು ಬಂದೆ. ಮೊದಲನೆಯದು 25 ಕಿಲೋ, ಎರಡನೆಯದು 26. ಕಿಲೋಗೆ 56 ಮತ್ತು 55!

ಹಾಲಿನಲ್ಲೂ ಇಂಥದೇ. 2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ಟಿಗೆ 50 ಎಂ.ಎಲ್. ಸೇರಿಸಿ ಎರಡು ರೂಪಾಯಿ ಏರಿಸಿದರು. ಅರ್ಧ ಲೀಟರಿನದು 550 ಎಂ.ಎಲ್. ಆಗಿ 24 ರೂಪಾಯಿ, ಲೀಟರಿನದು 1,050 ಆಗಿ 44. ನಾವು ಬೆಳಿಗ್ಗೆ ಎರಡು ಸಣ್ಣ ಪ್ಯಾಕೆಟ್ ತರುತ್ತಿದ್ದೆವು, ಅಂದರೆ 48 ರೂಪಾಯಿ. ಒಂದೇ ದೊಡ್ಡದು ತಂದರೆ 44. ಐವತ್ತು ಎಂ.ಎಲ್. ಕಡಿಮೆ ಬರುತ್ತದೆ ನಿಜ, ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ತಿಂಗಳಿಗೆ 120 ರೂಪಾಯಿ ಸುಮ್ನೆ ಉಳಿಯಿತು. ಮರುವರ್ಷ ಏಪ್ರಿಲ್‌ನಲ್ಲಿ ಆ 50 ಎಂ.ಎಲ್. ಹೋಯಿತು, ಬೆಲೆಯೂ ಏರಿತು. ಆದರೆ ದೊಡ್ಡ ಪ್ಯಾಕೆಟ್ ತರುವ ಅಭ್ಯಾಸ ಉಳಿದುಕೊಂಡಿತು.

ಎರಡು ತಿಂಗಳು ಬರೆದ ಮೇಲೆ ಡೈರಿ ಹೇಳಿದ್ದು ನಾನು ಅಂದುಕೊಂಡದ್ದಕ್ಕಿಂತ ಬೇರೆ. ಎಲ್ಲವೂ ಅಗ್ಗ ಇರುವ ಅಂಗಡಿ ಅಂತ ಒಂದಿಲ್ಲ. ಸೋಪು, ಸೋಪಿನ ಪುಡಿ, ತುಪ್ಪ ಸೂಪರ್‌ಮಾರ್ಕೆಟ್ಟಿನಲ್ಲೇ ಕಡಿಮೆ. ಬೇಳೆ, ಒಣಮೆಣಸಿನಕಾಯಿ, ಬೆಲ್ಲ ಸಂತೇಪೇಟೆಯಲ್ಲಿ. ಉದ್ದಿನಬೇಳೆ ಪ್ಯಾಕೆಟ್ಟಿನಲ್ಲಿ ಕಿಲೋಗೆ 150 ಇದ್ದ ವಾರ ಅಲ್ಲಿ ಬಿಡಿಯಾಗಿ 136ಕ್ಕೆ ಸಿಕ್ಕಿತು. ಬೀದಿ ಕೊನೆಯ ಶೆಟ್ಟರ ಅಂಗಡಿ ದುಬಾರಿ ಅಂತ ತಿಳಿದಿದ್ದೆ. ಆದರೆ ಕಾಲು ಕಿಲೋ ಬೇಕಾದಾಗ ಅವರಲ್ಲಿ ತಂದರೇ ನಮಗೆ ಲಾಭ, ಆಟೋ ಖರ್ಚಿಲ್ಲ.

ಈ ಆಟೋ ಖರ್ಚನ್ನೂ ಬರೆಯುತ್ತೇನೆ. ಇಲ್ಲದಿದ್ದರೆ ನಲವತ್ತು ಉಳಿಸೋಕೆ ನೂರು ಕೊಟ್ಟು ಬಂದ ಹಾಗೆ. ಸಂತೇಪೇಟೆಗೆ ಎರಡು ತಿಂಗಳಿಗೊಮ್ಮೆ, ದೇವರಾಜ ಮಾರುಕಟ್ಟೆಯಲ್ಲಿ ಬೇರೆ ಕೆಲಸ ಇದ್ದಾಗ ಮಾತ್ರ. ಸೂಪರ್‌ಮಾರ್ಕೆಟ್ಟಿಗೆ ತಿಂಗಳಿಗೊಮ್ಮೆ, ಚೀಟಿ ಹಿಡಿದು, ಮಕ್ಕಳನ್ನು ಬಿಟ್ಟು. ಮಕ್ಕಳು ಜೊತೆಗಿದ್ದ ದಿನಗಳ ಬಿಲ್ಲು ನೋಡಿದರೆ ಸೋಪಿನಲ್ಲಿ ಉಳಿಸಿದ್ದೆಲ್ಲ ಚಾಕೊಲೇಟಿನಲ್ಲಿ ಹೋಗಿದೆ.

ತಪ್ಪೂ ಮಾಡಿದ್ದೇನೆ. ಅಗ್ಗ ಸಿಕ್ಕಿತು ಅಂತ ಒಂದು ಆಷಾಢದಲ್ಲಿ ಹತ್ತು ಕಿಲೋ ತೊಗರಿಬೇಳೆ ತಂದು ಡಬ್ಬಕ್ಕೆ ಸುರಿದೆ. ಜಿಟಿಜಿಟಿ ಮಳೆ. ತಿಂಗಳಲ್ಲಿ ಹುಳ. ಜರಡಿ ಹಿಡಿದು, ಆರಿಸಿ, ಕೊನೆಗೆ ಎರಡು ಕಿಲೋ ಚೆಲ್ಲಿದೆ. ಕಿಲೋಗೆ ಹತ್ತರಂತೆ ಉಳಿಸಿದ್ದು ನೂರು, ಚೆಲ್ಲಿದ್ದು ಇನ್ನೂರ ಎಂಬತ್ತು. ಅತ್ತೆ ಬೈಯಲಿಲ್ಲ. "ಬಿಸಿಲಿಲ್ಲದ ಕಾಲದಲ್ಲಿ ಯಾರಾದರೂ ಬೇಳೆ ತುಂಬುತ್ತಾರೇನಮ್ಮಾ?" ಅಂದರು, ಅಷ್ಟೇ. ಈಗ ಬೇಸಿಗೆಯಲ್ಲಿ ತಂದು, ಒಣಗಿಸಿ, ಹರಳೆಣ್ಣೆ ಸವರಿಡುವುದು ಅವರದೇ ಕೆಲಸ. ಆ ಪುಟದಲ್ಲಿ ಅವರೇ ಪೆನ್ಸಿಲಿನಿಂದ "ಮಳೆಗಾಲ ಬೇಡ" ಅಂತ ಬರೆದಿದ್ದಾರೆ.

ತರಕಾರಿಯ ಪುಟ ಮಾತ್ರ ಬಿಟ್ಟೆ. ಬೆಳಿಗ್ಗೆಯ ಟೊಮೆಟೊ ಬೆಲೆ ಸಂಜೆಗೆ ಇರುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆಯ ಬೋರ್ಡಿನಲ್ಲಿ ಅವತ್ತಿನ ದರ ಓದಿಕೊಂಡು ಎಂ.ಜಿ. ರಸ್ತೆ ಮಾರ್ಕೆಟ್ಟಿಗೆ ಹೋಗುತ್ತೇನೆ. ಚೌಕಾಸಿಗೆ ಅಷ್ಟು ಸಾಕು.

ಎಲ್ಲ ಸೇರಿ ತಿಂಗಳಿಗೆ ಏಳೆಂಟು ನೂರು ಉಳಿಯುತ್ತಿದೆ, ಆಟೋ ಕಳೆದು. ಶುರುವಿನಲ್ಲಿ ನಾನು ಅಂಗಡಿಯಲ್ಲಿ ನಿಂತು ಬರೆದುಕೊಳ್ಳುವುದನ್ನು ನೋಡಿ ಶೆಟ್ಟರು, "ಏನ್ ಮೇಡಂ, ಪರೀಕ್ಷೆ ಇದೆಯಾ?" ಅಂತ ರೇಗಿಸುತ್ತಿದ್ದರು. ಮೊನ್ನೆ ಬೆಲ್ಲ ತೂಗುತ್ತಾ ಮೆಲ್ಲಗೆ ಕೇಳಿದರು, "ಸಂತೇಪೇಟೇಲಿ ಉದ್ದಿನಬೇಳೆ ಎಷ್ಟು ಹೇಳಿದ್ರು?"